ಕಣ್ಣೊಳಗಿನ ಪೊಟ್ಯಾಶ್

ನನ್ನ ಕಣ್ಣಿನ ಕಾಯಿಲೆಗೆ ನಮ್ಮ ಅಂಗಡಿಯ ಪೊಟ್ಯಾಶೇ ಕಾರಣ ಎಂದು ಗೋಣಿಬೀಡಿನ ಅರ್ಧ ಜನ ಇವತ್ತಿಗೂ ನಂಬಿದ್ದಾರೆ. ಉಳಿದರ್ಧ ಜನ ನನಗೆ ಕಾಯಿಲೆಯೇ ಇರಲಿಲ್ಲ, ಎಲ್ಲ ನಾಟಕ ಎನ್ನುತ್ತಾರೆ. ಈಚೆಗೆ ಇಬ್ಬರಿಗೂ ಉತ್ತರ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಹೊತ್ತು ಮುಳುಗುತ್ತಿದ್ದಂತೆ ಗೋಡೆ ಹಿಡಿದು ನಡೆಯುವ ಹುಡುಗಿ ಇನ್ನೆಲ್ಲಾದರೂ ಇದ್ದರೆ, ಅವಳು ಓದದಿದ್ದರೂ ಅವಳ ಅಮ್ಮ ಓದಲಿ.

ಅಪ್ಪನದು ಗೊಬ್ಬರದ ಅಂಗಡಿ. ರಸ್ತೆಗೆ ಮುಖ ಮಾಡಿ ಅಂಗಡಿ, ಹಿಂದೆ ಮನೆ, ನಡುವೆ ಮೂಟೆ ಪೇರಿಸಿದ ಗೋದಾಮು. ಹೂಮಳೆ ಬಿದ್ದು ಕಾಫಿ ಹೂ ಉದುರಿದ ಮೇಲೆ ನಮ್ಮಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಜೀಪು ತಂದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು, ತಲೆ ಮೇಲೆ ಮೂಟೆ ಹೊರುವ ಸಣ್ಣ ಬೆಳೆಗಾರರು, ಎಲ್ಲರಿಗೂ ಅಪ್ಪ ಒಂದೇ ಪಾಠ ಹೇಳುತ್ತಿದ್ದ. "ಯೂರಿಯಾ ಹಾಕಿದ್ರೆ ಗಿಡ ನಗ್ತದೆ. ಪೊಟ್ಯಾಶ್ ಹಾಕಿದ್ರೆ ಯಜಮಾನ್ರು ನಗ್ತಾರೆ." ಕಾಳು ಗಟ್ಟಿಯಾಗುವುದು ಪೊಟ್ಯಾಶಿನಿಂದ ಎಂಬುದು ಅವನ ಮಾತಿನ ಅರ್ಥ. ಕುಟ್ಟಿದ ಕಲ್ಲುಪ್ಪಿನಂಥ ಆ ಕೆಂಪು ಹರಳುಗಳ ಮೇಲೆ ಅವನಿಗೆ ನನ್ನ ಮೇಲಿನಷ್ಟೇ ಪ್ರೀತಿ.

ಹಗಲು ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ಅಮ್ಮ ಸೂಜಿಗೆ ದಾರ ಪೋಣಿಸಲು ನನ್ನನ್ನೇ ಕರೆಯುತ್ತಿದ್ದಳು. ಆದರೆ ದನ ಮನೆಗೆ ಬರುವ ಹೊತ್ತಾಯಿತೆಂದರೆ ಯಾರೋ ಅಂಗಡಿಯ ಶಟರ್ ಎಳೆದ ಹಾಗೆ ನನಗೆ ಲೋಕ ಮುಚ್ಚಿಹೋಗುತ್ತಿತ್ತು. ಓರಗೆಯ ಮಕ್ಕಳು ಮುಸ್ಸಂಜೆಯ ಮಬ್ಬಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ನಾನು ಕಣ್ಣು ಬಿಟ್ಟುಕೊಂಡೇ ಕಣ್ಣಾಮುಚ್ಚಾಲೆ ಆಡುತ್ತಿದ್ದೆ. ಹಗಲು ಕಂಡ ಬಾವಿಗೆ ಇರುಳು ಬೀಳುವುದು ಅಂತ ಗಾದೆ ಇದೆಯಲ್ಲ, ಅದನ್ನು ಕಟ್ಟಿದವನು ನನ್ನಂಥವಳೊಬ್ಬಳನ್ನು ನೋಡಿಯೇ ಕಟ್ಟಿರಬೇಕು. ಬಾವಿಗೆ ಬೀಳಲಿಲ್ಲ, ನಿಜ. ಹಿತ್ತಿಲ ಬಾಗಿಲಿನ ಮೆಟ್ಟಿಲಲ್ಲಿ ಮಾತ್ರ ಬಿದ್ದು ಬಿದ್ದು ಮೊಣಕಾಲಿನ ಚರ್ಮ ದಪ್ಪವಾಗಿತ್ತು. ಕತ್ತಲಲ್ಲಿ ನಾನು ಹಿತ್ತಿಲ ಕಡೆ ಹೊರಟರೆ ಸಾಕು, ಅಮ್ಮ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು. "ಮೆಟ್ಲಿದೆ ಕಣೇ, ಜೋಪಾನ!" ನನ್ನ ಹೆಸರು ಗಿರಿಜಾ ಎಂಬುದಕ್ಕಿಂತ ಹೆಚ್ಚು ಸಲ ನಾನು ಕೇಳಿದ ಮಾತು ಅದು.

ಇರುಳುಗುರುಡು ಎಂದು ಊರವರೇ ಹೆಸರಿಟ್ಟರು. ಅಮ್ಮ ನುಗ್ಗೆಸೊಪ್ಪಿನ ಪಲ್ಯ, ಗಜ್ಜರಿ, ಪಪಾಯಿ ಎಂದು ತಿನ್ನಿಸಿ ತಿನ್ನಿಸಿ ನನಗೆ ಕಿತ್ತಳೆ ಬಣ್ಣದ ಊಟ ಕಂಡರೆ ವಾಕರಿಕೆ ಬರುವ ಹಾಗೆ ಮಾಡಿದಳು. ಕಣ್ಣು ಮಾತ್ರ ಇದ್ದ ಹಾಗೇ ಇತ್ತು. ಆಗ ಅವಳು ಬೆಳಕಿನ ಕಡೆ ತಿರುಗಿದಳು. ನಮ್ಮ ಮನೆಯಲ್ಲಿ ಇದ್ದಷ್ಟು ಟಾರ್ಚುಗಳು ಪೊಲೀಸ್ ಸ್ಟೇಷನ್ನಿನಲ್ಲೂ ಇರಲಿಲ್ಲವೇನೋ. ಕರೆಂಟು ಹೋದರೆ ಲಾಟೀನು, ಲಾಟೀನಿನ ಎಣ್ಣೆ ಮುಗಿದರೆ ಮೇಣದಬತ್ತಿ. ನನ್ನ ಸುತ್ತ ಕತ್ತಲೆ ಕೂರಲು ಅವಳು ಬಿಡುತ್ತಲೇ ಇರಲಿಲ್ಲ.

ನಮ್ಮ ಮನೆಯದೊಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಬೆಳಿಗ್ಗೆ ಎದ್ದವರು ಮೊದಲು ದೀಪ ನೋಡಬೇಕು, ಆಮೇಲೆ ಮಿಕ್ಕಿದ್ದು. ಎಲ್ಲರಿಗಿಂತ ಮೊದಲು ಅಮ್ಮ ಏಳುತ್ತಿದ್ದಳು. ತಡವರಿಸಿಕೊಂಡು ಹೋಗಿ ಶಿವನ ಪಟದ ಮುಂದೆ ದೀಪ ಹಚ್ಚಿ, ಅದನ್ನು ಹಿಡಿದು ಹಾಸಿಗೆಯ ಹತ್ತಿರ ಬರುತ್ತಿದ್ದಳು. ನನ್ನ ಸರದಿ ಬಂದಾಗ ಮಾತ್ರ ದೀಪವನ್ನು ಮುಖದ ಹತ್ತಿರವೇ ತಂದು, ಕುಡಿಯ ಮೇಲೆ ಅಂಗೈ ಕಾಯಿಸಿ ನನ್ನ ರೆಪ್ಪೆಗೆ ಒತ್ತಿ, "ಕಣ್ಣು ಬಿಡು, ನೋಡು. ಅಪ್ಪಾ ಶಿವನೇ, ಈ ಮಗೂಗೆ ಬೆಳಕು ಕೊಡು" ಎನ್ನುತ್ತಿದ್ದಳು. ಆ ಅಂಗೈಯ ಬಿಸಿ ನನ್ನ ರೆಪ್ಪೆಗೆ ಈಗಲೂ ಗೊತ್ತು.

ಒಂದು ಸಲ ಮಾತ್ರ ದೀಪ ಬರಲಿಲ್ಲ. ನಾನು ಚಿಕ್ಕವಳು, ಅಮ್ಮ ಕಳಸದಲ್ಲಿದ್ದ ತವರಿಗೆ ಹೋಗಿದ್ದಳು. ಮಳೆಗೆ ಕಂಬ ಬಿದ್ದು ಊರಿಗೇ ಕರೆಂಟಿರಲಿಲ್ಲ. ಬೆಳಗಾಗುವ ಮುಂಚೆ ಎಚ್ಚರವಾದಾಗ ಅಪ್ಪ ಗೊರಕೆ ಹೊಡೆಯುತ್ತಿದ್ದ. ನಾನು ಕಣ್ಣು ಬಿಟ್ಟೆ. ಗೂಟಕ್ಕೆ ನೇತು ಹಾಕಿದ ಅಪ್ಪನ ಅಂಗಿ ಕಂಡಿತು. ಗೋದಾಮಿನ ಬಾಗಿಲಿಗೆ ಹೋದರೆ ಪೊಟ್ಯಾಶ್ ಮೂಟೆಯ ಮೇಲೆ ಬೆಕ್ಕು ಮಲಗಿದ್ದು ಕಂಡಿತು. ಹಿತ್ತಿಲಿಗೂ ಹೋಗಿ ಬಂದೆ, ಬೀಳಲಿಲ್ಲ. ಅಪ್ಪ ಎದ್ದ ಮೇಲೆ ಹೇಳಿದರೆ ನಕ್ಕುಬಿಟ್ಟ. "ಕನಸು ಕಂಡಿದ್ದೀಯ ಮಾರಾಯ್ತಿ. ಬೆಕ್ಕಿಗೆ ಕತ್ಲಲ್ಲಿ ನೀನು ಕಂಡಿರ್ತೀಯ, ನಿಂಗೆ ಬೆಕ್ಕಲ್ಲ." ಅಮ್ಮನೂ ಅದನ್ನೇ ಹೇಳಿದಳು. ದೊಡ್ಡವರು ಇಬ್ಬರೂ ಕನಸು ಎಂದ ಮೇಲೆ ನನಗೂ ಅದು ಕನಸೇ ಆಗಿಹೋಯಿತು.

ಚಿಕ್ಕಮಗಳೂರಿನ ಕಾಲೇಜಿಗೆ ಸೇರಿದ ಮೇಲೆ ನನ್ನ ಕಣ್ಣು ಊರ ಹೊರಗೂ ಪ್ರಸಿದ್ಧವಾಯಿತು. ಹಾಸ್ಟೆಲಿನಲ್ಲಿ ರಾತ್ರಿಯಿಡೀ ಲೈಟು ಉರಿಯುತ್ತಿತ್ತು, ಅಮ್ಮನ ದೀಪದ ಕೊರತೆ ಇರಲಿಲ್ಲ. ಗೆಳತಿಯರ ಜೊತೆ ಸಿನಿಮಾಕ್ಕೆ ಹೋಗಿ, ಕತ್ತಲಲ್ಲಿ ಸೀಟು ಹುಡುಕುತ್ತಾ ಯಾರೋ ಹಿರಿಯರ ತೊಡೆಯ ಮೇಲೆ ಕೂತೆ. ಅವರು ಬಹಳ ಮರ್ಯಾದಸ್ಥರು. "ಅಮ್ಮಾ, ಪಕ್ಕದ ಸೀಟು ಖಾಲಿ ಇದೆ" ಎಂದರು. ಹಾಸ್ಟೆಲಿನಲ್ಲಿ ಆ ಕಥೆಗೆ ವಾರಗಟ್ಟಲೆ ನಕ್ಕರು, ನಾನೂ ನಕ್ಕೆ. ವಾರ್ಡನ್ ಮಾತ್ರ ನಗಲಿಲ್ಲ. ಅಪ್ಪನಿಗೆ ಹೇಳಿಕಳಿಸಿ, ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು ಎಂದು ಹಟ ಹಿಡಿದರು.

ಆ ಡಾಕ್ಟರ್ ಕೆಟ್ಟವರಲ್ಲ. ಅವರ ಬಳಿ ಇದ್ದದ್ದು ಒಂದು ಪುಟ್ಟ ದೀಪ, ಒಂದು ಮಸೂರ. ಅಷ್ಟರಲ್ಲೇ ಕಣ್ಣೊಳಗೆ ಇಣುಕಿ ನೋಡಿದರು, ಮತ್ತೆ ನೋಡಿದರು. ಒಳಗಿನ ಪರದೆ ಇರಬೇಕಾದ ಬಣ್ಣದಲ್ಲಿಲ್ಲ, ಬಂಗಾರದ ಹಾಗೆ ಹೊಳೆಯುತ್ತಿದೆ ಎಂದರು. ಆಮೇಲೆ ಅಪ್ಪನನ್ನು ಕೇಳಿದರು. "ನೀವು ಗಂಡ ಹೆಂಡತಿ ಸಂಬಂಧದಲ್ಲೇ ಮದುವೆ ಆದದ್ದಾ?"

"ಹೌದು ಸಾರ್. ಹೆಂಡತಿ ನನ್ನ ಅಕ್ಕನ ಮಗಳೇ."

ಡಾಕ್ಟರ್ ತಲೆಯಾಡಿಸಿದರು. ಪರದೆ ನಿಧಾನಕ್ಕೆ ಸವೆಯುವ ಕಾಯಿಲೆ ಇರಬಹುದು, ಮೊದಲು ಇರುಳು ಹೋಗುತ್ತದೆ, ಆಮೇಲೆ ಹಗಲು ಎಂದರು. ಎಷ್ಟು ವರ್ಷಕ್ಕೆ ಎಂದು ನಾನೇ ಕೇಳಿದೆ. ಅವರು ನನ್ನ ಮುಖ ನೋಡದೆ, "ಮೂವತ್ತರ ಹೊತ್ತಿಗೆ ಕಷ್ಟ ಆಗಬಹುದು" ಎಂದರು. ಮದ್ದಿಲ್ಲ ಎಂದೂ ಹೇಳಿದರು.

ವಾಪಸು ಬರುವ ಬಸ್ಸು ಆಲ್ದೂರು ದಾಟಿತು. ಅಮ್ಮ ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದಳು, "ನಾನು ಬೇರೆ ಮನೆಗೆ ಹೋಗಿದ್ರೆ ನಿನ್ನ ಕಣ್ಣು ಉಳೀತಿತ್ತು." ಬೇರೆ ಮನೆಗೆ ಹೋಗಿದ್ದರೆ ನಾನೇ ಇರುತ್ತಿರಲಿಲ್ಲವಲ್ಲ ಎಂದು ಜಗಳವಾಡಬೇಕೆನಿಸಿತು. ಅಪ್ಪ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದ.

ಕಾಲೇಜು ಬಿಟ್ಟೆ. ಯಾರೂ ಬಿಡು ಎನ್ನಲಿಲ್ಲ, ನಾನೇ ಬಿಟ್ಟೆ. ಕಣ್ಣು ಹೋಗುವವಳಿಗೆ ಡಿಗ್ರಿ ಯಾಕೆ ಎಂಬ ಸಿಟ್ಟು. ಆ ವರ್ಷಗಳ ಭಯ ಎಂಥದ್ದೆಂದು ಹೇಳಿಬಿಡುತ್ತೇನೆ. ಪ್ರತಿ ದಿನ ಬೆಳಿಗ್ಗೆ ಅಮ್ಮನ ದೀಪ ಹಿಂದಿನ ದಿನಕ್ಕಿಂತ ಮಂಕಾಗಿದೆಯೇ ಎಂದು ನೋಡುತ್ತಿದ್ದೆ. ಮಂಜು ಕವಿದ ದಿನ ಬಾಗಿಲಿಗೆ ಓಡಿ ನೋಡುತ್ತಿದ್ದೆ, ಮಂಜು ಹೊರಗಿದೆಯೋ ನನ್ನ ಕಣ್ಣಲ್ಲಿದೆಯೋ ಎಂದು. ಕಂಡದ್ದನ್ನೆಲ್ಲ ನೋಡಿ ಇಟ್ಟುಕೊಳ್ಳುವ ಚಟ ಹತ್ತಿತು. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅಮ್ಮನ ಕೆನ್ನೆಯ ಮಚ್ಚೆ, ಅಪ್ಪನ ಕೈ ಬೆರಳು. ಮುಂದೆ ಬೇಕಾಗುತ್ತದೆ ಎಂದು ಉಪ್ಪಿನಕಾಯಿ ಹಾಕಿಡುವ ಹಾಗೆ ಇವನ್ನೆಲ್ಲ ಮನಸ್ಸಿನಲ್ಲಿ ತುಂಬಿಟ್ಟೆ.

ಅಪ್ಪ ಅತ್ತವನಲ್ಲ, ಸಮಾಧಾನ ಹೇಳಿದವನೂ ಅಲ್ಲ. ಒಂದು ದಿನ ಮಧ್ಯಾಹ್ನ ಅಂಗಡಿಯ ಗಿರಾಕಿಗಳು ಕರಗಿದ ಮೇಲೆ ನನ್ನನ್ನು ಕರೆದು ಎದುರು ಕೂರಿಸಿದ.

"ಕಣ್ಣು ಮುಚ್ಚು. ಕೈ ಚಾಚು. ಇದೆಂಥ ಹೇಳು?"

ಅಂಗೈಗೆ ಸಾಬೂದಾನದಂಥ ಗುಂಡು ಕಾಳು ಬಿದ್ದವು, ಬೆವರಿಗೆ ತಣ್ಣಗೆ ಕೊರೆದವು. "ಯೂರಿಯಾ."

"ಇದು?"

ನುಣ್ಣನೆ ಮಣ್ಣಿನ ಪುಡಿ. "ರಾಕ್ ಫಾಸ್ಫೇಟ್."

"ಇದು?"

ಮೂಲೆ ಮೂಲೆ ಚುಚ್ಚುವ ಹರಳು. "ನಿನ್ನ ಪೊಟ್ಯಾಶ್."

"ಸಾಕು. ಈ ಅಂಗಡಿ ನಿಂದು. ಕಣ್ಣಿದ್ರೂ ನಿಂದೇ, ಇಲ್ದಿದ್ರೂ ನಿಂದೇ" ಎಂದು ಎದ್ದು ಹೋದ. ಅವತ್ತಿನಿಂದ ದಿನಾ ಆ ಪಾಠ ನಡೆಯಿತು. ಮೂಟೆಯ ಹೊಲಿಗೆ, ತಕ್ಕಡಿಯ ಕಲ್ಲು, ಗಲ್ಲಾಪೆಟ್ಟಿಗೆಯ ಚಿಲಕ, ಎಲ್ಲವನ್ನೂ ಬೆರಳಿಗೆ ಕಲಿಸಿದ. ಅಮ್ಮ ಇದನ್ನು ನೋಡಲಾರದೆ ಒಳಗೆ ಹೋಗಿ ಇನ್ನೊಂದು ಟ್ಯೂಬ್‌ಲೈಟ್ ಹಾಕಿಸಬೇಕು ಎನ್ನುತ್ತಿದ್ದಳು.

ಹೀಗೇ ಕೆಲವು ವರ್ಷ ಹೋದವು. ಬಣಕಲ್ ಕಡೆಯ ಎಸ್ಟೇಟೊಂದರ ರೈಟರ್ ಲಕ್ಷ್ಮಣಯ್ಯ ನಮ್ಮ ಹಳೇ ಗಿರಾಕಿ. ಬಾಯಿಗೆ ಬೀಗ ಇಲ್ಲದ ಮನುಷ್ಯ. ಅವರು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡು ಬಂದು ಕಪ್ಪು ಕನ್ನಡಕದಲ್ಲಿ ಅಂಗಡಿಗೆ ಬಂದರು.

"ಅಲ್ಲ ಮಾರಾಯ್ರೆ, ಹೃದಯಕ್ಕೆ ಇ.ಸಿ.ಜಿ. ಮಾಡಿದ ಹಾಗೆ ಅಲ್ಲಿ ಕಣ್ಣಿಗೂ ಮಾಡ್ತಾರೆ! ಒಬ್ರು ಲೇಡಿ ಡಾಕ್ಟ್ರು ಇದ್ದಾರೆ. ಕಣ್ಣೊಳಗೆ ಕರೆಂಟು ಎಷ್ಟಿದೆ ಅಂತ ಕಾಗದದಲ್ಲಿ ಗೀರಿ ತೋರಿಸ್ತಾರೆ. ಗಿರಿಜನ್ನ ಕರ್ಕೊಂಡು ಹೋಗಿ ನೋಡಿ."

ನಾನು ಒಪ್ಪಲಿಲ್ಲ. ಒಂದು ಸಲ ಕೇಳಿದ ತೀರ್ಪನ್ನೇ ಇನ್ನೊಂದು ಸಲ ಕೇಳಲು ಘಟ್ಟ ಇಳಿಯಬೇಕೇ? ಆದರೆ ಅಮ್ಮ ಊಟ ಬಿಟ್ಟಳು. ಅವಳ ಉಪವಾಸದ ಎದುರು ನನ್ನ ಹಟ ನಿಲ್ಲಲಿಲ್ಲ. ಗಿರಾಕಿ ಬರುವ ಕಾಲದಲ್ಲೇ ಅಪ್ಪ ಅಂಗಡಿಗೆ ಬೀಗ ಹಾಕಿದ. ಚಾರ್ಮಾಡಿಯ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತಾ ಮೂವರೂ ಇಳಿದೆವು.

ಆಸ್ಪತ್ರೆಯಲ್ಲಿ ಕಾಯುವುದೇ ದೊಡ್ಡ ಚಿಕಿತ್ಸೆ. ಸೆಖೆ ಬೇರೆ. ಬೆಂಚಿನ ತುಂಬ ಒಂದು ಕಣ್ಣಿಗೆ ಹತ್ತಿ ಅಂಟಿಸಿಕೊಂಡವರು. ಪಕ್ಕದಲ್ಲಿ ಮೀನು ಮಾರುವ ಹೆಂಗಸೊಬ್ಬರು ಕೂತಿದ್ದರು. ಅಮ್ಮ ಮೊದಲು ಸ್ವಲ್ಪ ಸರಿದು ಕೂತಳು, ನಮ್ಮದು ಸಸ್ಯಾಹಾರದ ಮನೆ ನೋಡಿ. ನನ್ನ ಕಥೆ ಕೇಳಿದ ಆ ಹೆಂಗಸು, "ಹೆದರಬೇಡ ಮಗಾ, ದೇವರು ಕಣ್ಣು ಕಿತ್ತುಕೊಳ್ಳುವವನಾದರೆ ಇಷ್ಟು ಚಂದ ಮಾಡಿ ಕೊಡುತ್ತಿರಲಿಲ್ಲ" ಎಂದು ನನ್ನ ಗಲ್ಲ ಸವರಿದರು. ಅಮ್ಮ ವಾಪಸು ಹತ್ತಿರ ಸರಿದು ಅವರ ಕೈ ಹಿಡಿದುಕೊಂಡಳು.

ಡಾಕ್ಟರ್ ನಲವತ್ತರ ಆಸುಪಾಸಿನವರು, ಮೆಲುಮಾತಿನವರು. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಗುಡ್ಡೆಯ ಮೇಲೆ ತಂತಿ ಜೋಡಿಸಿದ ಸಣ್ಣ ಬಟ್ಟಲಿನಂಥದ್ದನ್ನು ಕೂರಿಸಿದರು. ಅರ್ಧ ಗಂಟೆ ಕತ್ತಲೆ ಕೋಣೆಯಲ್ಲಿ ಕೂರಿಸಿ, ಫಕ್ಕನೆ ಮಿಂಚು ಹೊಡೆಸಿದರು. ಯಂತ್ರದಲ್ಲಿ ಗೀರು ಕೆಳಗಿಳಿಯಿತು. ಮೇಲೇಳಬೇಕಿತ್ತಂತೆ, ಏಳಲಿಲ್ಲ. ಹಾಗಾದರೆ ಮುಗಿಯಿತು ಎಂದುಕೊಂಡೆ. ಡಾಕ್ಟರ್ ಮಾತ್ರ ಕಾಗದದ ಮೇಲಿನ ಗೀರನ್ನು ಬೆರಳಿನಿಂದ ಮತ್ತೆ ಮತ್ತೆ ಹಿಂಬಾಲಿಸಿದರು. ಸವೆಯುವ ಕಣ್ಣಾಗಿದ್ದರೆ ಗೀರು ಇಳಿಯುವುದೂ ಇಲ್ಲವಂತೆ, ಪೂರಾ ಸಪಾಟಾಗಿರುತ್ತದಂತೆ. ಆಮೇಲೆ ಇಷ್ಟು ವರ್ಷ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು.

"ಕತ್ತಲಲ್ಲಿ ನಿಮಗೆ ಯಾವತ್ತಾದರೂ ಕಂಡದ್ದು ಉಂಟಾ?"

"ಒಂದು ಸಲ ಬೆಕ್ಕು ಕಂಡಿತ್ತು" ಎಂದೆ.

"ಅದು ಕನಸು ಡಾಕ್ಟ್ರೇ" ಎಂದಳು ಅಮ್ಮ.

"ಇರಲಿ, ಅವರೇ ಹೇಳಲಿ. ಯಾವಾಗ ಕಂಡದ್ದು?"

"ಬೆಳಗಾಗೋ ಮುಂಚೆ, ನಿದ್ದೆಯಿಂದ ಎದ್ದ ಕೂಡ್ಲೆ."

"ಎದ್ದು ಲೈಟ್ ಹಾಕಿದ್ರಾ?"

"ಇಲ್ಲ. ಕರೆಂಟಿರ್ಲಿಲ್ಲ. ಅಮ್ಮನೂ ಊರಲ್ಲಿರ್ಲಿಲ್ಲ. ದೀಪ ತೋರ್ಸೋರೇ ಇರ್ಲಿಲ್ಲ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ನಾಳೆ ಬೆಳಿಗ್ಗೆ ಬೇಗ ಬನ್ನಿ. ಎರಡೂ ಕಣ್ಣು ಕಟ್ಟಿಬಿಡುತ್ತೇನೆ. ಮಧ್ಯಾಹ್ನದವರೆಗೆ ಬಿಚ್ಚುವ ಹಾಗಿಲ್ಲ. ಒಂದು ಕಿರಣವೂ ಒಳಗೆ ಹೋಗಬಾರದು."

ಮರುದಿನ ಕಣ್ಣು ಕಟ್ಟಿಸಿಕೊಂಡು ಅದೇ ಬೆಂಚಿನಲ್ಲಿ ಕೂತೆ. ಕುರುಡು ಎಂದರೆ ಹೀಗೇ ಇರುತ್ತದೆ ಎಂದು ನನ್ನೊಳಗೆ ಒಂದು ದನಿ ಹೇಳುತ್ತಲೇ ಇತ್ತು. ಟ್ರಾಲಿಯ ಚಕ್ರದ ಕಿರುಗುಟ್ಟುವಿಕೆ, ಫಿನಾಯಿಲಿನ ವಾಸನೆ, ಯಾರದೋ ಮಗುವಿನ ಅಳು. ಆಯಾ ಒಬ್ಬಳು ಬನ್ನು ತಂದು ಕೈಗಿಟ್ಟು, "ಬಾಯಿ ಎಲ್ಲಿದೆ ಅಂತ ಗೊತ್ತುಂಟಲ್ಲ?" ಎಂದು ತಮಾಷೆ ಮಾಡಿದಳು. ನಕ್ಕೆ, ಆಮೇಲೆ ಅಳು ಬಂತು. ಬಟ್ಟೆ ಒದ್ದೆಯಾದರೆ ಪಟ್ಟಿ ಸಡಿಲವಾದೀತೆಂದು ಅದನ್ನೂ ನುಂಗಿಕೊಂಡೆ. ಅಮ್ಮ ಪಕ್ಕದಲ್ಲೇ ಇದ್ದಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಎನ್ನುತ್ತಾರಲ್ಲ, ಹಾಗೆ ನನ್ನ ಪಟ್ಟಿಯನ್ನು ಕಾದಳು. ಕಿಟಕಿಯ ಬೆಳಕು ನನ್ನ ಕಡೆ ಸರಿದಾಗಲೆಲ್ಲ ಸೆರಗು ಅಡ್ಡ ಹಿಡಿದಳಂತೆ. ಹುಟ್ಟಿದಾಗಿನಿಂದ ನನಗೆ ಬೆಳಕು ಹಿಡಿದವಳು ಅವತ್ತು ಮೊದಲ ಸಲ ಬೆಳಕಿಗೆ ತಡೆ ಹಿಡಿದಳು.

ಮಧ್ಯಾಹ್ನ ಕೈ ಹಿಡಿದು ಕತ್ತಲೆ ಕೋಣೆಗೆ ಕರೆದೊಯ್ದರು. ಅಮ್ಮನೂ ಒಳಗೆ ಬಂದಳು. ಬಾಗಿಲು ಹಾಕಿ ಪರದೆ ಎಳೆದರು. ಮೂಲೆಯಲ್ಲಿ ಒಂದು ಕೆಂಪು ಚುಕ್ಕೆಯಷ್ಟು ದೀಪ. "ಈಗ ಪಟ್ಟಿ ತೆಗೆಯುತ್ತೇನೆ, ನಿಧಾನಕ್ಕೆ ಕಣ್ಣು ಬಿಡಿ" ಎಂದರು ಡಾಕ್ಟರ್.

ಬಿಟ್ಟೆ.

ಮೊದಲು ಕಂಡದ್ದು ಮೇಜಿನ ಅಂಚು. ಆಮೇಲೆ ಡಾಕ್ಟರ ಬಿಳಿ ಕೋಟು. ಆಮೇಲೆ ಅಮ್ಮ. ಹೊರಗಿನ ಬೆಳಕಿನಿಂದ ಆಗಷ್ಟೇ ಬಂದವಳಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಒಂದು ಕೈಯಲ್ಲಿ ಗೋಡೆ ಹಿಡಿದು ನಿಂತಿದ್ದಳು, ಥೇಟ್ ನನ್ನ ಹಾಗೆ. ಕತ್ತಲಲ್ಲಿ ಯಾರಿಗೂ ಕಾಣುವುದಿಲ್ಲವೆಂಬ ಧೈರ್ಯಕ್ಕೆ, ಇಷ್ಟು ವರ್ಷ ನನ್ನೆದುರು ಒಂದು ದಿನವೂ ಅಳದವಳು, ಬಾಯಿಗೆ ಸೆರಗು ತುರುಕಿಕೊಂಡು ಸದ್ದಿಲ್ಲದೆ ಅಳುತ್ತಿದ್ದಳು.

"ಅಮ್ಮ, ಯಾಕೆ ಅಳ್ತೀಯ?"

ಅವಳು ಬೆಚ್ಚಿದಳು. "ಎಲ್ಲಿ ಅಳ್ತಿದ್ದೀನಿ? ಇಲ್ವಲ್ಲ."

"ಸೆರಗು ಬಾಯಲ್ಲಿದೆ. ಬಲಗೈಲಿ ಗೋಡೆ ಹಿಡ್ದಿದ್ದೀಯ."

"ನಿಂಗೆ ಹ್ಯಾಗೆ ಗೊತ್ತಾಯ್ತು?"

"ಕಾಣ್ತಿದೆ ಅಮ್ಮ. ನೀನು ಕಾಣ್ತಿದ್ದೀಯ."

ಮುಂದೆ ಏನಾಯಿತೆಂದು ಕ್ರಮವಾಗಿ ಹೇಳಲಾರೆ. ಅಮ್ಮ ನನ್ನ ಕಡೆ ಬರಲು ಹೋಗಿ ಸ್ಟೂಲಿಗೆ ಎಡವಿದಳು. ಡಾಕ್ಟರ್, "ಯಾರೂ ಅಲ್ಲಾಡಬೇಡಿ, ಯಾರೂ ಲೈಟ್ ಹಾಕಬೇಡಿ!" ಎಂದು ಕೂಗಿದರು. ಬೇಗ ಬೇಗ ತಂತಿ ಜೋಡಿಸಿ ಮಿಂಚು ಹೊಡೆಸಿದರು. ನಿನ್ನೆ ಕೆಳಗಿಳಿದು ಸತ್ತ ಗೀರು ಇವತ್ತು ಇಳಿದು, ತಿರುಗಿ, ಗುಡ್ಡ ಹತ್ತಿದ ಹಾಗೆ ಮೇಲೆದ್ದಿತು. ಇನ್ನೊಂದು ಮಿಂಚು ಹೊಡೆಸಿದರೆ ಏಳಲಿಲ್ಲ. ಒಂದೇ ಮಿಂಚಿಗೆ ನನ್ನ ಇಡೀ ಬೆಳಗಿನ ಗಳಿಕೆ ಖರ್ಚಾಗಿತ್ತು. ತಂತಿ ತೆಗೆದ ಕೂಡಲೇ ಕಣ್ಣೊಳಗೆ ಇಣುಕಿದಾಗ ಆ ಬಂಗಾರದ ಹೊಳಪು ಮಾಯವಾಗಿತ್ತಂತೆ. ಬೆಳಕು ಕುಡಿಯುತ್ತಾ ಕುಡಿಯುತ್ತಾ ಮತ್ತೆ ಬಂತಂತೆ. ಡಾಕ್ಟರ್ ಬೇರೆ ಡಾಕ್ಟರುಗಳನ್ನೆಲ್ಲ ಕರೆದು ನನ್ನ ಕಣ್ಣನ್ನು ತೋರಿಸಿದರು. ತೋರಿಸಿಕೊಂಡೆ, ಮದುಮಗಳ ಹಾಗೆ ಬೀಗುತ್ತಾ.

ಆಮೇಲೆ ಮೂವರನ್ನೂ ಕೂರಿಸಿಕೊಂಡು ಹೇಳಿದರು. "ಇದು ಸವೆಯುವ ಕಣ್ಣಲ್ಲ. ಹುಟ್ಟಿದಾಗ ಹೇಗಿತ್ತೋ ಹಾಗೇ ಇರುತ್ತದೆ. ಮೂವತ್ತಾದರೂ ಅಷ್ಟೇ, ಎಪ್ಪತ್ತಾದರೂ ಅಷ್ಟೇ. ಬಹಳ ಅಪರೂಪದ್ದು. ಬೆಳಕು ಕಂಡ ಮೇಲೆ ನಮ್ಮ ಕಣ್ಣು ಸ್ವಲ್ಪ ಹೊತ್ತಿಗೆ ಕತ್ತಲೆಗೆ ಹೊಂದಿಕೊಳ್ಳುತ್ತದೆ, ಇವರದ್ದಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟೇ ವ್ಯತ್ಯಾಸ."

"ಆ ಬಂಗಾರದ ಬಣ್ಣ?" ಅಪ್ಪ ಕೇಳಿದ.

"ಅದು ಖಚಿತವಾಗಿ ಗೊತ್ತಿಲ್ಲ. ಬೆಳಕು ಬಿದ್ದಾಗ ಕಣ್ಣಿನ ಪರದೆಯಲ್ಲಿ ಪೊಟ್ಯಾಸಿಯಂ ಒಂದು ಪದರದಲ್ಲಿ ಇಳಿಯುತ್ತದೆ, ಇನ್ನೊಂದರಲ್ಲಿ ಏರುತ್ತದೆ. ಏರಿದ್ದನ್ನು ಹೀರಿ ಆಚೆ ಬಿಡುವ ಜೀವಕೋಶಗಳು ಇರುತ್ತವೆ. ನೀವು ನೋಡಿದ ಗೀರು ಮೇಲೇಳುವುದರಲ್ಲಿ ಅದರದ್ದೂ ಪಾಲುಂಟು. ಇಂಥ ಕಣ್ಣಲ್ಲಿ ಅದು ಸರಿಯಾಗಿ ಬಸಿದುಹೋಗದೆ ಹೊಳೆಯುತ್ತದೋ ಏನೋ ಎಂದು ಕೆಲವರ ಊಹೆ."

"ಪೊಟ್ಯಾಶಾ?" ಅಪ್ಪ ಕುರ್ಚಿಯ ತುದಿಗೆ ಬಂದ. "ಅಂದ್ರೆ ಬಸಿಗಾಲುವೆ ಕಟ್ಕೊಂಡ ತೋಟದ ಹಾಗೆ. ಚರಂಡಿ ಮುಚ್ಕೊಂಡ್ರೆ ನೀರು ಬಸಿಯಲ್ಲ, ನಿಂತು ಹೊಳೀತದೆ."

"ಬಹುತೇಕ ಹಾಗೇ" ಎಂದು ಡಾಕ್ಟರ್ ನಕ್ಕರು. "ಆದರೆ ಇದು ನಿಮ್ಮ ಮೂಟೆಯ ಪೊಟ್ಯಾಶ್ ಅಲ್ಲ. ಎಲ್ಲರ ಮೈಯಲ್ಲೂ ಇರುವಂಥದ್ದು. ತೊಂದರೆ ಬಂದದ್ದು ರಕ್ತಸಂಬಂಧದಿಂದ."

ಅಮ್ಮ ತಲೆ ತಗ್ಗಿಸಿದಳು. ಆಮೇಲೆ ಬೇರೆಯದೇ ಪ್ರಶ್ನೆ ಕೇಳಿದಳು. "ಹಾಗಾದ್ರೆ ಡಾಕ್ಟ್ರೇ, ನಾನು ದಿನಾ ಬೆಳಿಗ್ಗೆ ಮುಖಕ್ಕೆ ದೀಪ ಹಿಡೀತಿದ್ನಲ್ಲ..."

"ಹಾನಿ ಏನೂ ಆಗಿಲ್ಲ ಅಮ್ಮ. ಕಣ್ಣು ಕೆಟ್ಟಿಲ್ಲ. ನಿದ್ದೆಯಲ್ಲಿ ಇಡೀ ರಾತ್ರಿ ಕೂಡಿಸಿದ್ದು ಆ ದೀಪಕ್ಕೆ ಖಾಲಿ ಆಗುತ್ತಿತ್ತು, ಅಷ್ಟೇ."

ಅಷ್ಟೇ ಎಂದರು. ಅಮ್ಮನಿಗೆ ಅದು ಅಷ್ಟೇ ಆಗಿರಲಿಲ್ಲ ಎಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು. ಆದರೆ ಘಟ್ಟ ಹತ್ತುವಾಗ ಯಾರಿಗೂ ವಾಂತಿಯಾಗಲಿಲ್ಲ. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಅಪ್ಪ ಬಸ್ಸಿನವರಿಗೆಲ್ಲ ಬಿಸಿ ಬಿಸಿ ನೀರುದೋಸೆ ಕೊಡಿಸಲು ಹೊರಟಿದ್ದ, ಅಮ್ಮ ತಡೆದಳು.

ಊರಿಗೆ ಬಂದ ಮಾರನೆಯ ದಿನವೇ ಅಪ್ಪ ಪೊಟ್ಯಾಶ್ ಮೂಟೆಗಳನ್ನೆಲ್ಲ ಮನೆಯ ಗೋದಾಮಿನಿಂದ ಎತ್ತಿಸಿ ರಸ್ತೆಯಾಚೆಯ ಶೆಡ್ಡಿಗೆ ಹಾಕಿಸಿದ. ಕೇಳಿದವರಿಗೆಲ್ಲ, "ಮಗಳ ಕಣ್ಣಲ್ಲಿ ಪೊಟ್ಯಾಶ್ ನಿಂತಿದೆಯಂತೆ. ಎಲ್ಲ ನಮ್ಮ ಅಂಗಡಿ ಧೂಳಿಂದಲೇ" ಎಂದ. ಲಕ್ಷ್ಮಣಯ್ಯನ ಬಾಯಿಗೆ ಅದು ಬಿದ್ದ ಮೇಲೆ ಕೇಳಬೇಕೇ? ಬಣಕಲ್‌ನಿಂದ ಮೂಡಿಗೆರೆಯವರೆಗೆ ಸುದ್ದಿ ಹರಡಿತು. ಗಂಡಸರು ಕಣ್ಣಿಗೆ ಕರವಸ್ತ್ರ ಹಿಡಿದು ಪೊಟ್ಯಾಶ್ ಕೊಳ್ಳಲು ಬಂದರು. ಬಾಳೆಹಣ್ಣಿನಲ್ಲೂ ಪೊಟ್ಯಾಶ್ ಇದೆಯೆಂದು ಯಾರೋ ಹೇಳಿ, ನೆಂಟರ ಮನೆಯಲ್ಲಿ ನನಗೆ ತಾಂಬೂಲದ ಜೊತೆ ಬಾಳೆಹಣ್ಣಿನ ಬದಲು ಕಿತ್ತಳೆ ಕೊಟ್ಟರು. ಮತ್ತೆ ಕಿತ್ತಳೆ ಬಣ್ಣ!

ನನಗೆ ಸಿಟ್ಟು ಬಂತು. ಶೆಡ್ಡಿನಲ್ಲಿ ಮೂಟೆಯ ಬಾಯಿ ಹೊಲಿಯುತ್ತಿದ್ದ ಅಪ್ಪನ ಮುಂದೆ ನಿಂತು ಕೇಳಿದೆ. "ಮೂಟೆ ಪೊಟ್ಯಾಶ್ ಅಲ್ಲ ಅಂತ ಡಾಕ್ಟ್ರು ಬಿಡಿಸಿ ಹೇಳ್ಲಿಲ್ವಾ ಅಪ್ಪ? ಯಾಕೆ ಊರಿಗೆಲ್ಲ ಸುಳ್ಳು ಹೇಳ್ತೀಯ?"

ಅಪ್ಪ ದಬ್ಬಣ ನಿಲ್ಲಿಸದೆ ಹೇಳಿದ. "ನಂಗೂ ಕಿವಿ ಇದೆ ಮಾರಾಯ್ತಿ. ರಕ್ತ ಅಂದ್ರೆ ನಿಮ್ಮಮ್ಮ ತನ್ನ ತಲೆ ಮೇಲೆ ಹಾಕ್ಕೊಳ್ತಾಳೆ. ಪೊಟ್ಯಾಶ್ ಅಂದ್ರೆ ಅದು ನನ್ನ ಅಂಗಡಿದು."

ನಾನು ಇನ್ನೊಂದು ದಬ್ಬಣ ತಗೊಂಡು ಪಕ್ಕದ ಮೂಟೆ ಹೊಲಿಯಲು ಕೂತೆ. ಅದಕ್ಕೇ ಅರ್ಧ ಊರು ನಂಬಿದ್ದನ್ನು ಅಪ್ಪ ಇರುವವರೆಗೂ ನಾನು ತಿದ್ದಲಿಲ್ಲ. ಅವನು ತೀರಿಕೊಂಡ ಮೇಲೆಯೇ ಇದನ್ನು ಬರೆಯುತ್ತಿರುವುದು.

ನಾನು ಕಾಲೇಜು ಮುಗಿಸಿದೆ, ನನಗಿಂತ ಚಿಕ್ಕವರ ಜೊತೆ ಕೂತು. ಅಂಗಡಿಯ ಗಲ್ಲಾದಲ್ಲಿ ಕೂತೆ. ಕಣ್ಣಿಲ್ಲದ ದಿನಕ್ಕೆಂದು ಕಲಿಸಿದ ಬೆರಳಿನ ವಿದ್ಯೆ ಕಣ್ಣಿರುವಾಗಲೇ ಅನ್ನ ಕೊಡುತ್ತಿದೆ. ಪೊಟ್ಯಾಶಿಗೆ ಇಟ್ಟಿಗೆ ಪುಡಿ ಬೆರೆಸಿ ತಂದವರು ನನ್ನ ಅಂಗೈ ಕಂಡರೆ ಹೆದರುತ್ತಾರೆ. ಹಗಲು ಸ್ಕೂಟರ್ ಓಡಿಸುತ್ತೇನೆ, ಹೊತ್ತು ಇಳಿದ ಮೇಲೆ ಮುಟ್ಟುವುದಿಲ್ಲ. ಸಂಜೆ ಟಾರ್ಚು ಹಿಡಿಯಲು, ಸಿಕ್ಕಿದವರ ತೋಳು ಹಿಡಿಯಲು ನಾಚುವುದಿಲ್ಲ. ಅಮ್ಮನ ಬೆಳಗಿನ ದೀಪವನ್ನೂ ನಾನು ನಿಲ್ಲಿಸಲಿಲ್ಲ. ಪದ್ಧತಿ ಪದ್ಧತಿಯೇ, ಆ ಬಿಸಿ ಅಂಗೈ ಬಿಟ್ಟುಕೊಡಲು ನನಗೂ ಮನಸ್ಸಿರಲಿಲ್ಲ.

ಆದರೂ ಒಳಗೆ ಎಲ್ಲೋ ಮೂವತ್ತು ಎಂಬ ಮುಳ್ಳು ಉಳಿದಿತ್ತು. ಒಳ್ಳೆ ಸುದ್ದಿಯನ್ನು ಬುದ್ಧಿ ಬೇಗ ನಂಬುತ್ತದೆ, ಹೊಟ್ಟೆ ನಂಬುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೂ ಅಮ್ಮನಿಗೆ ಗೊತ್ತಿತ್ತು ಎಂದು ನನಗೆ ಮೂವತ್ತು ತುಂಬಿದ ದಿನ ತಿಳಿಯಿತು.

ಹೂಮಳೆ ಬಿದ್ದು ಕೆಲವು ದಿನವಾಗಿತ್ತು. ಹಿಂದಿನ ಸಂಜೆಯ ಗುಡುಗಿಗೆ ಕರೆಂಟು ಹೋದದ್ದು ಬಂದಿರಲಿಲ್ಲ. ಬೆಳಗಿನ ಜಾವ ಕೆನ್ನೆಗೆ ಅಂಗೈ ತಾಗಿತು. ಬಿಸಿ ಇರಲಿಲ್ಲ, ತಣ್ಣಗಿತ್ತು.

"ಗಿರಿಜಾ, ಏಳು. ಇವತ್ತು ದೀಪ ಹಚ್ಚಿಲ್ಲ ಕಣೇ."

ಕಣ್ಣು ಬಿಟ್ಟೆ. ಅಮ್ಮನ ಮುಖ ಕಂಡಿತು. ಮದುವೆಯಾಗಿ ಬಂದಾಗಿನಿಂದ ಮನೆಯಲ್ಲಿದ್ದ ಒಂದು ದಿನವೂ ತಪ್ಪಿಸದ ದೀಪವನ್ನು ತಪ್ಪಿಸಿ ಕೂತಿದ್ದಳು. ಅವಳ ಕೈ ಹಿಡಿದು ನಾನೇ ಮುಂದೆ ನಡೆದೆ. ಹಿತ್ತಿಲ ಬಾಗಿಲಿಗೆ ಬಂದಾಗ ಅವಳು ಕಾಲಿನಿಂದ ತಡವುತ್ತಿದ್ದಳು. "ಮೆಟ್ಲಿದೆ ಅಮ್ಮ, ಜೋಪಾನ" ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಇಬ್ಬರೂ ಒಂದು ಗಳಿಗೆ ನಿಂತುಬಿಟ್ಟೆವು.

ಹೊರಗೆ ನಕ್ಷತ್ರಗಳು. ಅಷ್ಟೊಂದು ಇರುತ್ತವೆಂದು ಓದಿದ್ದೆ, ನಂಬಿರಲಿಲ್ಲ. ಎದುರಿನ ಇಳಿಜಾರಿನ ತುಂಬ ಕಾಫಿ ಹೂವಾಗಿತ್ತು. ಹುಟ್ಟಿದಾಗಿನಿಂದ ಕತ್ತಲಲ್ಲಿ ಅದರ ಘಮ ಕುಡಿದವಳು ನಾನು, ಕತ್ತಲಲ್ಲಿ ಅದು ಬೆಳ್ಳಗಿರುತ್ತದೆಂದು ಅವತ್ತು ಕಂಡೆ. ಸಾಲು ಸಾಲು ಬೆಳ್ಳಗೆ, ಗುಡ್ಡದ ನೆತ್ತಿಯವರೆಗೆ. ನಾನು ಒಂದೊಂದಾಗಿ ಹೇಳುತ್ತಾ ಹೋದೆ, ಕಲ್ಲು ಬೇಲಿ, ಬಾವಿಕಟ್ಟೆ, ಒಗೆಯುವ ಕಲ್ಲಿನ ಮೇಲೆ ಮರೆತುಹೋದ ಚೊಂಬು. ಅಮ್ಮ ಪ್ರತಿಯೊಂದಕ್ಕೂ "ಹೌದಾ? ಅದೂ ಕಾಣ್ತದಾ?" ಎನ್ನುತ್ತಾ ಮಗುವಿನ ಹಾಗೆ ನಗುತ್ತಿದ್ದಳು. ನಾನೂ ನಕ್ಕೆ, ಜೋರಾಗಿ, ಊರು ಏಳುವ ಹಾಗೆ. ಮೂವತ್ತು ಬಂದಿತ್ತು. ನಾನು ಕತ್ತಲಲ್ಲೂ ನೋಡುತ್ತಾ ನಿಂತಿದ್ದೆ.

ಅಷ್ಟರಲ್ಲಿ ಮೂಡಿಗೆರೆಯ ಮೊದಲ ಬಸ್ಸು ತಿರುವು ದಾಟಿತು. ಅದರ ಲೈಟು ನೇರ ಮುಖಕ್ಕೆ ಹೊಡೆದು ಹೋಯಿತು. ನಕ್ಷತ್ರ, ಹೂವು, ಬಾವಿಕಟ್ಟೆ, ಅಮ್ಮ, ಎಲ್ಲ ಒಟ್ಟಿಗೆ ನಂದಿಹೋದವು. ನನಗೆ ಚೂರೂ ಬೇಜಾರಾಗಲಿಲ್ಲ. "ಹೋಯ್ತಾ?" ಎಂದಳು ಅಮ್ಮ. "ಹೋಯ್ತು" ಎಂದೆ. ಈಗ ಅವಳ ಸರದಿ. ನನ್ನ ಕೈ ಹಿಡಿದು ಮನೆಯ ಕಡೆ ತಿರುಗಿಸಿದಳು. ನಾಲ್ಕು ಹೆಜ್ಜೆ ನಡೆದು ನಿಂತು, ಅದೇ ಹಳೇ ದನಿಯಲ್ಲಿ ಹೇಳಿದಳು.

"ಮೆಟ್ಲಿದೆ ಕಣೇ, ಜೋಪಾನ."

"ಗೊತ್ತಮ್ಮ" ಎಂದೆ. "ಈಗ್ತಾನೆ ನೋಡ್ಕೊಂಡು ಬಂದೆ."